ವಿಂಡೋಸ್ ಮೊಬೈಲ್ ಹಾಟ್‌ಸ್ಪಾಟ್: ತಂತಿಯಿಂದ ನೆಟ್ ಬಂದರೆ ಸೊಗಸು, ವೈಫೈಯಿಂದ ಬಂದರೆ ಸೊರಗು

ಕಂಪ್ಯೂಟರಿಗೆ ಬಂದಿರುವ ಇಂಟರ್ನೆಟ್ಟನ್ನು ವೈಫೈ ಮಾಡಿ ಫೋನು, ಟ್ಯಾಬ್ಲೆಟ್, ಟೀವಿಗಳಿಗೆ ಹಂಚಲು ಈಗ ಬೇರೆ ತಂತ್ರಾಂಶ ಹುಡುಕಬೇಕಾಗಿಲ್ಲ. ವಿಂಡೋಸ್ 10 ಮತ್ತು 11ರಲ್ಲಿ ‘ಮೊಬೈಲ್ ಹಾಟ್‌ಸ್ಪಾಟ್’ ಒಳಗೇ ಇದೆ, ಅದಕ್ಕೆ ಬೇರೆ ದುಡ್ಡೂ ಕೊಡಬೇಕಿಲ್ಲ. ಅದು ಚೆನ್ನಾಗಿದೆಯೋ ಇಲ್ಲವೋ ಎಂಬುದು ನಿಂತಿರುವುದು ಮಾತ್ರ ತಂತ್ರಾಂಶದ ಮೇಲಲ್ಲ, ನೆಟ್ ಯಾವ ದಾರಿಯಿಂದ ಕಂಪ್ಯೂಟರಿನೊಳಕ್ಕೆ ಬರುತ್ತಿದೆ ಎಂಬುದರ ಮೇಲೆ. ಎತರ್ನೆಟ್ ಕೇಬಲ್ಲಿನಿಂದಲೋ ಫೋನಿನ ನೆಟ್ಟನ್ನು ತಂತಿಯಲ್ಲಿ ತರುವ ಯುಎಸ್‌ಬಿ ಟೆದರಿಂಗ್‌ನಿಂದಲೋ ಬರುತ್ತಿದ್ದರೆ ಇದು ಸಣ್ಣ ರೂಟರಿನ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತದೆ. ವೈಫೈಯಿಂದ ಬಂದ ನೆಟ್ಟನ್ನು ಕಂಪ್ಯೂಟರಿನ ಅದೇ ವೈಫೈ ಕಾರ್ಡಿನಿಂದ ಮತ್ತೆ ವೈಫೈ ಮಾಡಿ ಹಂಚಿದರೆ ಕೆಲಸವೇನೋ ನಡೆಯುತ್ತದೆ, ಆದರೆ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಸಂಪರ್ಕ ಕಡಿಯುವ ಸಾಧ್ಯತೆಯೂ ಹೆಚ್ಚು. ಹೊತ್ತಿಗೆ ಒದಗುವ ಏರ್ಪಾಡಾಗಿ ಅದು ಸರಿ, ದಿನವಿಡೀ ನೆಚ್ಚಿಕೊಳ್ಳಲು ಸಾಲದು.

ಹಂಚುವ ಮೂಲ ವ್ಯವಸ್ಥೆ ಹಳೆಯದು. 1999ರ ವಿಂಡೋಸ್ 98 ಎರಡನೇ ಆವೃತ್ತಿಯಲ್ಲೇ ‘ಇಂಟರ್ನೆಟ್ ಕನೆಕ್ಷನ್ ಶೇರಿಂಗ್’ ಬಂದಿತ್ತು. ಅದನ್ನು ವೈಫೈಗೆ ಜೋಡಿಸಿದ್ದು 2009ರ ವಿಂಡೋಸ್ 7ರ ‘ಹೋಸ್ಟೆಡ್ ನೆಟ್‌ವರ್ಕ್’, ಆಗ ಎಲ್ಲವನ್ನೂ ಕಮಾಂಡ್ ಪ್ರಾಂಪ್ಟಿನಲ್ಲಿ ಟೈಪ್ ಮಾಡಬೇಕಿತ್ತು. 2016ರ ಆನಿವರ್ಸರಿ ಅಪ್‌ಡೇಟ್‌ನ ನಂತರ ಸೆಟ್ಟಿಂಗ್ಸ್‌ನ ಒಂದು ಸ್ವಿಚ್ಚಿನಿಂದಲೇ ಕೇಬಲ್ಲಿನ ನೆಟ್ಟನ್ನೂ ಹಂಚಬಹುದಾಯಿತು. ಹೊಸ ಸೌಲಭ್ಯದ ವೈಫೈ ಭಾಗ ಆ ಹೋಸ್ಟೆಡ್ ನೆಟ್‌ವರ್ಕ್ ಮೇಲೆ ಕಟ್ಟಿದ್ದಲ್ಲ, ರೂಟರಿಲ್ಲದೆ ಸಾಧನಗಳನ್ನು ನೇರವಾಗಿ ಜೋಡಿಸುವ ವೈಫೈ ಡೈರೆಕ್ಟ್ ಮೇಲೆ ಕಟ್ಟಿದ್ದು. ಇದನ್ನು ತಿಳಿದಿರುವುದು ಒಳ್ಳೆಯದು. ಯಾಕೆಂದರೆ ‘ನೆಟ್‌ಶ್ ಡಬ್ಲ್ಯೂಲ್ಯಾನ್ ಶೋ ಡ್ರೈವರ್ಸ್’ ಎಂದು ಕಮಾಂಡ್ ಪ್ರಾಂಪ್ಟಿನಲ್ಲಿ ಆದೇಶ ಕೊಟ್ಟಾಗ ‘ಹೋಸ್ಟೆಡ್ ನೆಟ್‌ವರ್ಕ್ ಸಪೋರ್ಟೆಡ್: ನೋ’ ಎಂದು ಬಂದದ್ದನ್ನು ನೋಡಿ, ತಮ್ಮ ಕಾರ್ಡಿಗೆ ಈ ಶಕ್ತಿ ಇಲ್ಲವೆಂದು ಕೈಬಿಡುವವರು ಬಹಳ. ಈಗಿನ ಬಹುತೇಕ ಡ್ರೈವರುಗಳು (ಕಾರ್ಡನ್ನು ನಡೆಸುವ ತಂತ್ರಾಂಶಗಳು) ಅಲ್ಲಿ ‘ನೋ’ ಎಂದೇ ಹೇಳುತ್ತವೆ, ಮೊಬೈಲ್ ಹಾಟ್‌ಸ್ಪಾಟ್ ಮಾತ್ರ ಸರಾಗವಾಗಿ ನಡೆಯುತ್ತದೆ. ನೋಡಬೇಕಾದದ್ದು ‘ನೆಟ್‌ಶ್ ಡಬ್ಲ್ಯೂಲ್ಯಾನ್ ಶೋ ವೈರ್‌ಲೆಸ್‌ಕೇಪಬಿಲಿಟೀಸ್’ ಕೊಡುವ ಪಟ್ಟಿ. ಅದರಲ್ಲಿ 5 ಗಿಗಾಹರ್ಟ್ಜ್‌ನಲ್ಲಿ ‘ಪಿ2ಪಿ ಜಿಒ’ (ವೈಫೈ ಡೈರೆಕ್ಟಿನಲ್ಲಿ ಬಿತ್ತರಿಸುವ ಪಾತ್ರ) ಇದೆಯೇ ಎಂಬ ಸಾಲು ಇರುತ್ತದೆ. ‘ಸಪೋರ್ಟೆಡ್’ ಎಂದಿದ್ದರೆ ನಿಮ್ಮ ಕಾರ್ಡು 5 ಗಿಗಾಹರ್ಟ್ಜ್‌ನಲ್ಲೂ ಬಿತ್ತರಿಸಬಲ್ಲದು.

ಆನ್ ಮಾಡುವ ಕ್ರಮ

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಅದರಲ್ಲಿ ನೆಟ್‌ವರ್ಕ್ ಅಂಡ್ ಇಂಟರ್ನೆಟ್, ಅದರೊಳಗೆ ಮೊಬೈಲ್ ಹಾಟ್‌ಸ್ಪಾಟ್. ಸ್ವಿಚ್ಚನ್ನು ತಕ್ಷಣ ಒತ್ತಬೇಡಿ, ಮೊದಲು ಕೆಳಗಿನ ಸಾಲುಗಳನ್ನು ಸರಿಮಾಡಿಕೊಳ್ಳಿ. ನೆಟ್ ಎಲ್ಲಿಂದ ಹಂಚಬೇಕು ಎಂಬ ಸಾಲಿನಲ್ಲಿ ಎತರ್ನೆಟ್ ಆರಿಸಿ. ವರ್ಚುವಲ್ ಮಷೀನ್ (ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ನಡೆಸುವ) ತಂತ್ರಾಂಶ ಹಾಕಿಕೊಂಡವರ ಪಟ್ಟಿಯಲ್ಲಿ ಒಂದಕ್ಕಿಂತ ಹೆಚ್ಚು ಎತರ್ನೆಟ್ ಕಾಣಬಹುದು. ಅವುಗಳಲ್ಲಿ ನೆಟ್ ಇಲ್ಲದ್ದನ್ನು ಆರಿಸಿದರೆ ಫೋನು ಹಾಟ್‌ಸ್ಪಾಟಿಗೆ ಸೇರಿಕೊಂಡರೂ ಒಂದು ಪುಟವೂ ತೆರೆಯುವುದಿಲ್ಲ. ಯಾವುದರ ಮೂಲಕ ಹಂಚಬೇಕು ಎಂಬಲ್ಲಿ ವೈಫೈ ಇರಲಿ. ಬ್ಲೂಟೂತ್ ಆಯ್ಕೆಯೂ ಇದೆ, ಆದರೆ ಅದು ಸಂದೇಶ, ಈಮೇಲ್‌ಗಷ್ಟೇ ಸಾಕು.

ಆಮೇಲೆ ಎಡಿಟ್ ಒತ್ತಿ ಹೆಸರು, ಪಾಸ್‌ವರ್ಡ್, ಬ್ಯಾಂಡ್ (ವೈಫೈ ಬಿತ್ತರಿಸುವ ತರಂಗಪಟ್ಟಿ, 2.4 ಅಥವಾ 5 ಗಿಗಾಹರ್ಟ್ಜ್) ಕೊಡಿ. ಪಾಸ್‌ವರ್ಡಿಗೆ ಕನಿಷ್ಠ 8 ಅಕ್ಷರ ಬೇಕು. ಬ್ಯಾಂಡಿನಲ್ಲಿ ‘ಎನಿ ಅವೈಲಬಲ್’ ಎಂದು ಬಿಟ್ಟರೆ ನಿರ್ಧಾರ ವಿಂಡೋಸಿನದು. ಅದು 2.4 ಗಿಗಾಹರ್ಟ್ಜ್ ಆರಿಸಿಕೊಂಡಿದ್ದರೆ ಬಳಸುವವರಿಗೆ ತಿಳಿಯುವುದೂ ಇಲ್ಲ, ಕಾರಣ ಕಾಣದೆ ವೇಗ ಮಾತ್ರ ಕಡಿಮೆ ಇರುತ್ತದೆ. ಸೇರುವ ಸಾಧನಗಳೆಲ್ಲ ಈಚಿನವಾದರೆ 5 ಎಂದೇ ನಿಗದಿ ಮಾಡಿ. ಸ್ಮಾರ್ಟ್ ಬಲ್ಬು, ಸ್ಮಾರ್ಟ್ ಪ್ಲಗ್ಗು, ಹಳೆಯ ಪ್ರಿಂಟರು, ಹಳೆಯ ಇ-ರೀಡರುಗಳಿಗೆ 2.4 ಬಿಟ್ಟರೆ ಬೇರೆ ಕಾಣುವುದೇ ಇಲ್ಲ, ಅವಕ್ಕಾಗಿ ಮಾಡುವುದಾದರೆ 2.4. ಎರಡನ್ನೂ ಒಟ್ಟಿಗೆ ಬಿತ್ತರಿಸಲು ಇದರಲ್ಲಿ ಬರುವುದಿಲ್ಲ.

ಇಷ್ಟಾದ ಮೇಲೆ ಸ್ವಿಚ್ ಆನ್. ಮುಂದಿನ ಸಲ ವಿಂಡೋಸ್ ಕೀಲಿಯ ಜೊತೆ ‘ಎ’ ಒತ್ತಿದಾಗ ಬರುವ ಕ್ವಿಕ್ ಸೆಟ್ಟಿಂಗ್ಸ್‌ನಲ್ಲೇ ಇದರ ಗುಂಡಿ ಇಟ್ಟುಕೊಳ್ಳಬಹುದು. ಕಂಪ್ಯೂಟರ್ ರೀಸ್ಟಾರ್ಟ್ ಆದರೆ ಹಾಟ್‌ಸ್ಪಾಟ್ ತಾನಾಗಿ ಶುರುವಾಗುವುದಿಲ್ಲ, ಪ್ರತಿ ಸಲ ಕೈಯಿಂದಲೇ ಆನ್ ಮಾಡಬೇಕು. ಇಷ್ಟು ವರ್ಷಗಳಾದರೂ ಇದಕ್ಕೊಂದು ಟಿಕ್ ಬಾಕ್ಸ್ ಕೊಡದಿರುವುದು ಈ ಸೌಲಭ್ಯದ ದೊಡ್ಡ ಕೊರತೆ.

ಇನ್ನೊಂದು ಕಿವಿಮಾತು. ಕೇಬಲ್ಲಿನಿಂದ ಹಂಚುವಾಗ ಲ್ಯಾಪ್‌ಟಾಪಿನ ವೈಫೈ ಆನ್ ಇರಬೇಕು, ಆದರೆ ಅದು ಯಾವ ರೂಟರಿಗೂ ಸೇರಿರಬಾರದು. ಕೇಬಲ್ ಹಾಕಿದ್ದರೂ ಲ್ಯಾಪ್‌ಟಾಪು ಹಳೆಯ ನೆನಪಿನಿಂದ ರೂಟರಿನ ವೈಫೈಗೂ ತಾನಾಗಿ ಸೇರಿಕೊಂಡಿದ್ದರೆ, ಕಾರ್ಡಿನ ಅರ್ಧ ಹೊತ್ತು ಅತ್ತ ಹೋಗುತ್ತದೆ. ಆ ವೈಫೈಯನ್ನು ಡಿಸ್ಕನೆಕ್ಟ್ ಮಾಡಿ, ‘ತಾನಾಗಿ ಸೇರು’ ಎಂಬುದರ ಟಿಕ್ ತೆಗೆಯಿರಿ. ಹಾಟ್‌ಸ್ಪಾಟ್ ನಿಧಾನ ಎನ್ನುವ ದೂರುಗಳಲ್ಲಿ ಎಷ್ಟೋ ಇಷ್ಟರಿಂದಲೇ ತೀರುತ್ತವೆ.

ಒಂದೇ ಕಾರ್ಡು, ಎರಡು ಕೆಲಸ

ಬಹಳಷ್ಟು ಲ್ಯಾಪ್‌ಟಾಪುಗಳ ವೈಫೈ ಕಾರ್ಡಿನಲ್ಲಿ ಒಂದು ಹೊತ್ತಿಗೆ ಒಂದೇ ಚಾನೆಲ್ಲಿನಲ್ಲಿ (ಬ್ಯಾಂಡಿನೊಳಗಿನ ಒಂದು ತುಂಡಿನಲ್ಲಿ) ಕೆಲಸ ಮಾಡುವ ರೇಡಿಯೋ ಇರುತ್ತದೆ. ಫೋನು ಒಂದು ವಿಡಿಯೋ ಕೇಳಿದರೆ ಅದರ ಪ್ರತಿ ತುಣುಕೂ ಎರಡು ಸಲ ಗಾಳಿಯಲ್ಲಿ ಹಾದುಹೋಗಬೇಕು, ರೂಟರಿನಿಂದ ಲ್ಯಾಪ್‌ಟಾಪಿಗೆ ಒಮ್ಮೆ, ಲ್ಯಾಪ್‌ಟಾಪಿನಿಂದ ಫೋನಿಗೆ ಮತ್ತೊಮ್ಮೆ. ಎರಡೂ ಒಂದೇ ಚಾನೆಲ್ಲಿನಲ್ಲಿ, ಒಂದಾದ ಮೇಲೆ ಒಂದು. ವೇಗ ಅರ್ಧವಾಗುವುದು ಇದಕ್ಕೇ, ಯಾವ ಸೆಟ್ಟಿಂಗಿನಿಂದಲೂ ಇದನ್ನು ಗೆಲ್ಲಲಾಗದು. ಲ್ಯಾಪ್‌ಟಾಪು ರೂಟರಿಗೆ ಒಂದು ಚಾನೆಲ್ಲಿನಲ್ಲಿ ಸೇರಿ, ಹಾಟ್‌ಸ್ಪಾಟ್ ಇನ್ನೊಂದರಲ್ಲಿ ಇದ್ದರೆ ಪರಿಸ್ಥಿತಿ ಇನ್ನೂ ಕೆಡುತ್ತದೆ. ಆಗ ರೇಡಿಯೋ ಎರಡು ಚಾನೆಲ್ಲುಗಳ ನಡುವೆ ಓಡಾಡುತ್ತಿರಬೇಕು, ವಿಡಿಯೋ ಕರೆಯಲ್ಲಿ ಮಾತು ತುಂಡಾಗುವುದು ಇಂಥಲ್ಲಿ. ಎರಡೂ ಬ್ಯಾಂಡಿನಲ್ಲಿ ಒಟ್ಟಿಗೆ ಕೆಲಸ ಮಾಡುವ ಕಾರ್ಡುಗಳೂ ಇವೆ. ಅವುಗಳಲ್ಲಿ ನೆಟ್ಟನ್ನು 5ರಲ್ಲಿ ತೆಗೆದುಕೊಂಡು 2.4ರಲ್ಲಿ ಹಂಚಬಹುದು.

ರೂಟರಿನ ಚಾನೆಲ್ ಇಲ್ಲಿ ಎಷ್ಟು ಮುಖ್ಯ ಎಂಬುದು ಸುಲಭವಾಗಿ ಹೊಳೆಯುವುದಿಲ್ಲ. 5 ಗಿಗಾಹರ್ಟ್ಜ್‌ನಲ್ಲಿ 52ರಿಂದ 144ರವರೆಗಿನ ಚಾನೆಲ್ಲುಗಳು ರೇಡಾರುಗಳ ಜೊತೆ ಹಂಚಿಕೊಂಡವು. ಅಲ್ಲಿ ಬಿತ್ತರಿಸುವ ಸಾಧನ ಮೊದಲು ರೇಡಾರ್ ಇಲ್ಲವೆಂದು ಕಾದು ಖಚಿತಪಡಿಸಿಕೊಳ್ಳಬೇಕು, ಇದನ್ನು ಡಿಎಫ್‌ಎಸ್ ಎನ್ನುತ್ತಾರೆ. ರೂಟರುಗಳು ಈ ಕೆಲಸ ಮಾಡುತ್ತವೆ, ಲ್ಯಾಪ್‌ಟಾಪಿನ ಕಾರ್ಡುಗಳು ಸಾಮಾನ್ಯವಾಗಿ ಮಾಡುವುದಿಲ್ಲ. ಹಾಗಾಗಿ ರೂಟರು 100ನೇ ಚಾನೆಲ್ಲಿನಲ್ಲಿದ್ದರೆ ಲ್ಯಾಪ್‌ಟಾಪು ಅದಕ್ಕೆ ಸೇರಬಹುದು, ಅದೇ ಚಾನೆಲ್ಲಿನಲ್ಲಿ ತಾನು ಬಿತ್ತರಿಸಲಾಗದು. ನಿನ್ನೆ ಆನ್ ಆಗಿದ್ದ ಹಾಟ್‌ಸ್ಪಾಟ್ ಇಂದು ಆನ್ ಆಗುತ್ತಿಲ್ಲವೆಂದರೆ ರೂಟರು ರಾತ್ರಿ ಚಾನೆಲ್ ಬದಲಿಸಿಕೊಂಡಿದೆಯೇ ನೋಡಿ. ರೂಟರಿನ ಸೆಟ್ಟಿಂಗಿನಲ್ಲಿ ‘ಆಟೋ’ ತೆಗೆದು 36, 40, 44, 48ರಲ್ಲಿ ಒಂದಕ್ಕೆ ನಿಲ್ಲಿಸಿದರೆ ಈ ತೊಂದರೆ ಇರುವುದಿಲ್ಲ.

2.4ರಲ್ಲಿ ಎಷ್ಟು ವೇಗ ನಿರೀಕ್ಷಿಸಬಹುದು? 802.11ಎನ್ ಲೆಕ್ಕದಲ್ಲಿ 20 ಮೆಗಾಹರ್ಟ್ಜ್ ಅಗಲಕ್ಕೆ, ಒಂದೇ ಆಂಟೆನಾದ ಫೋನಿಗೆ ಕಾಗದದ ಮೇಲಿನ ಗರಿಷ್ಠ 72 ಎಂಬಿಪಿಎಸ್, ಎರಡು ಆಂಟೆನಾ ಇದ್ದರೆ 144. ಕೈಗೆ ಸಿಗುವುದು ಅದರ ಅರ್ಧದ ಆಸುಪಾಸು, ಅಕ್ಕಪಕ್ಕದ ವೈಫೈಗಳು ಹೆಚ್ಚಿದ್ದರೆ ಅದೂ ಇಲ್ಲ. ಮನೆಗೆ 100 ಎಂಬಿಪಿಎಸ್ ಸಂಪರ್ಕ ಬರುತ್ತಿದ್ದರೆ 2.4ರಲ್ಲಿ ಹಂಚಿ ಅದನ್ನು ಪೂರ್ತಿ ಪಡೆಯುವ ಆಸೆ ಬಿಡಬೇಕು. ಕೇಬಲ್ಲಿನಿಂದ ತೆಗೆದುಕೊಂಡು 5ರಲ್ಲಿ, ಅದೇ ಕೋಣೆಯೊಳಗೆ ಹಂಚಿದರೆ ಅಷ್ಟು ವೇಗ ಫೋನಿಗೆ ತಲುಪುವುದು ಕಷ್ಟವಲ್ಲ.

ಫೋನು ಸೇರಿತು, ನೆಟ್ ಇಲ್ಲ

ತೊಂದರೆ ಎಲ್ಲಿದೆ ಎಂದು ತಿಳಿಯಲು ಫೋನಿಗೆ ಸಿಕ್ಕಿರುವ ಐಪಿ ವಿಳಾಸ ನೋಡುವುದೇ ಮೊದಲ ಹೆಜ್ಜೆ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಕಂಪ್ಯೂಟರಿನ ವಿಳಾಸ 192.168.137.1, ಸೇರಿದ ಸಾಧನಗಳಿಗೆ ಸಿಗುವುದು 192.168.137ರಿಂದ ಶುರುವಾಗುವ ವಿಳಾಸ.

ಫೋನು ‘ಐಪಿ ವಿಳಾಸ ಪಡೆಯುತ್ತಿದೆ’ ಎಂಬಲ್ಲೇ ನಿಂತಿದ್ದರೆ, ಅಥವಾ ಸೇರಿದ ಲ್ಯಾಪ್‌ಟಾಪಿಗೆ 169.254ರಿಂದ ಶುರುವಾಗುವ ವಿಳಾಸ ಬಂದಿದ್ದರೆ, ವಿಳಾಸ ಕೊಡುವ ಡಿಎಚ್‌ಸಿಪಿ ತಲುಪುತ್ತಿಲ್ಲ ಎಂದರ್ಥ. ಮೊದಲು ಅನುಮಾನಿಸಬೇಕಾದದ್ದು ಆಂಟಿವೈರಸ್ ಜೊತೆ ಬರುವ, ಜಾಲದ ಒಳಹೊರಗನ್ನು ಕಾಯುವ ಫೈರ್‌ವಾಲ್. ಹೊಸದಾಗಿ ಹುಟ್ಟಿದ ಹಾಟ್‌ಸ್ಪಾಟ್ ಜಾಲವನ್ನು ಅದು ‘ಪಬ್ಲಿಕ್’ ಎಂದು ಎಣಿಸಿ ಡಿಎಚ್‌ಸಿಪಿ ಬಳಸುವ ಯುಡಿಪಿ 67ನೇ ಪೋರ್ಟನ್ನು ಮುಚ್ಚಿರುತ್ತದೆ. ಫೈರ್‌ವಾಲನ್ನು ಎರಡು ನಿಮಿಷ ನಿಲ್ಲಿಸಿ ನೋಡಿ. ವಿಳಾಸ ಸಿಕ್ಕಿದರೆ ಕಾರಣ ಅದೇ. ಹಾಗೆಂದು ಅದನ್ನು ಆಫ್ ಮಾಡಿಯೇ ಬಿಡಬೇಡಿ, ಹಾಟ್‌ಸ್ಪಾಟ್ ಅಡಾಪ್ಟರನ್ನು (ವಿಂಡೋಸ್ ಒಂದೊಂದು ಸಂಪರ್ಕಕ್ಕೂ ಇಟ್ಟುಕೊಳ್ಳುವ ಜಾಲದ ಬಾಗಿಲು) ನಂಬಿಕೆಯ ಜಾಲಗಳ ಪಟ್ಟಿಗೆ ಸೇರಿಸಿ. ಫೈರ್‌ವಾಲ್ ಕಾರಣವಲ್ಲವಾದರೆ ಸರ್ವೀಸಸ್ ತೆರೆದು ‘ಇಂಟರ್ನೆಟ್ ಕನೆಕ್ಷನ್ ಶೇರಿಂಗ್’ ಮತ್ತು ‘ವಿಂಡೋಸ್ ಮೊಬೈಲ್ ಹಾಟ್‌ಸ್ಪಾಟ್ ಸರ್ವೀಸ್’ ಎರಡನ್ನೂ ರೀಸ್ಟಾರ್ಟ್ ಮಾಡಿ. ಮೊದಲನೆಯದನ್ನು ಯಾರಾದರೂ ‘ಡಿಸೇಬಲ್ಡ್’ ಮಾಡಿಟ್ಟಿದ್ದರೆ ಹಾಟ್‌ಸ್ಪಾಟ್ ನಡೆಯುವುದಿಲ್ಲ. ವಿಂಡೋಸ್ ವೇಗ ಹೆಚ್ಚಿಸುತ್ತೇವೆ ಎನ್ನುವ ತಂತ್ರಾಂಶಗಳು ಮಾಡುವ ಅನಾಹುತಗಳಲ್ಲಿ ಇದೂ ಒಂದು.

ವಿಳಾಸ ಸರಿಯಾಗಿ ಬಂದಿದೆ, ಪುಟ ಮಾತ್ರ ತೆರೆಯುತ್ತಿಲ್ಲ ಎಂದರೆ ಡಿಎನ್‌ಎಸ್ (ಜಾಲತಾಣದ ಹೆಸರನ್ನು ಐಪಿ ವಿಳಾಸಕ್ಕೆ ತಿರುಗಿಸುವ ವ್ಯವಸ್ಥೆ) ಪರೀಕ್ಷಿಸಿ. ಹಾಟ್‌ಸ್ಪಾಟ್‌ನಲ್ಲಿ ಡಿಎನ್‌ಎಸ್ ಉತ್ತರವನ್ನೂ ಕಂಪ್ಯೂಟರೇ ಕೊಡುತ್ತದೆ, ಆ ಭಾಗ ಕೆಲವೊಮ್ಮೆ ಸ್ತಬ್ಧವಾಗುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಆ ವೈಫೈನ ಐಪಿ ಸೆಟ್ಟಿಂಗನ್ನು ‘ಸ್ಟ್ಯಾಟಿಕ್’ ಮಾಡಿ ವಿಳಾಸ 192.168.137.50, ಗೇಟ್‌ವೇ 192.168.137.1, ಪ್ರಿಫಿಕ್ಸ್ ಉದ್ದ 24, ಡಿಎನ್‌ಎಸ್ 1.1.1.1 ಎಂದು ತುಂಬಿ. ಈಗ ಪುಟ ತೆರೆದರೆ ದಾರಿ ಸರಿಯಿದೆ, ತಪ್ಪಿದ್ದು ಡಿಎನ್‌ಎಸ್ ಒಂದೇ. ಹೀಗೂ ತೆರೆಯದಿದ್ದರೆ ಮೂಲ ಸಂಪರ್ಕದ ಆಯ್ಕೆ ತಪ್ಪಿದೆ, ಇಲ್ಲವೇ ವಿಪಿಎನ್ (ನೆಟ್ ಸಂಚಾರವನ್ನು ಗುಪ್ತ ಸುರಂಗದ ಮೂಲಕ ಸಾಗಿಸುವ ತಂತ್ರಾಂಶ) ಅಡ್ಡಬಂದಿದೆ.

ವಿಪಿಎನ್ ವಿಷಯ ಬಹಳ ಜನರನ್ನು ಕಾಡುತ್ತದೆ. ಕಂಪ್ಯೂಟರಿನಲ್ಲಿ ವಿಪಿಎನ್ ಹಾಕಿದ ಮಾತ್ರಕ್ಕೆ ಹಾಟ್‌ಸ್ಪಾಟಿನ ಫೋನೂ ವಿಪಿಎನ್ ಮೂಲಕ ಹೋಗುತ್ತದೆ ಎಂದು ಭಾವಿಸಬೇಡಿ. ಹಂಚಿಕೆ ನಡೆಯುವುದು ನೀವು ಆರಿಸಿದ ಅಡಾಪ್ಟರಿನಿಂದ, ವಿಪಿಎನ್ ಅಡಾಪ್ಟರ್ ಬೇರೆಯೇ. ವಿಪಿಎನ್ ತಂತ್ರಾಂಶದ ‘ಕಿಲ್ ಸ್ವಿಚ್’ (ವಿಪಿಎನ್ ಹೊರಗಿನ ಸಂಚಾರವನ್ನು ತಡೆಯುವ ಆಯ್ಕೆ) ಆನ್ ಇದ್ದರೆ ಹಾಟ್‌ಸ್ಪಾಟಿನ ನೆಟ್ ಪೂರ್ತಿ ನಿಲ್ಲಲೂಬಹುದು. ವಿಪಿಎನ್ ಸಂಪರ್ಕವನ್ನೇ ಹಂಚಬೇಕೆಂದರೆ ಹಳೆಯ ದಾರಿ ಹಿಡಿಯಬೇಕು. ಮೊದಲು ಹಾಟ್‌ಸ್ಪಾಟ್ ಆನ್ ಮಾಡಿ. ಕಂಟ್ರೋಲ್ ಪ್ಯಾನೆಲ್ಲಿನ ನೆಟ್‌ವರ್ಕ್ ಕನೆಕ್ಷನ್ಸ್ ತೆರೆದು ವಿಪಿಎನ್ ಅಡಾಪ್ಟರಿನ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಶೇರಿಂಗ್ ಟ್ಯಾಬ್. ಇತರರು ಈ ಸಂಪರ್ಕ ಬಳಸಲಿ ಎಂಬ ಮೊದಲ ಸಾಲಿಗೆ ಟಿಕ್ ಹಾಕಿ, ಕೆಳಗಿನ ಪಟ್ಟಿಯಲ್ಲಿ ನಕ್ಷತ್ರ ಚಿಹ್ನೆಯಿರುವ ‘ಲೋಕಲ್ ಏರಿಯಾ ಕನೆಕ್ಷನ್’ ಆರಿಸಿ. ಅದೇ ಹಾಟ್‌ಸ್ಪಾಟಿನ ಅಡಾಪ್ಟರ್. ಕಂಪ್ಯೂಟರಿನಿಂದಲೇ ಹೆಸರು, ಪಾಸ್‌ವರ್ಡ್ ಕೊಟ್ಟು ಡಯಲ್ ಮಾಡುವ ಪಿಪಿಪಿಒಇ ಬ್ರಾಡ್‌ಬ್ಯಾಂಡಿಗೂ ಇದೇ ದಾರಿ. ಈ ಹಳೆಯ ಹಂಚಿಕೆ ವಿಂಡೋಸ್ 10ರ ಈಚಿನ ಆವೃತ್ತಿಗಳಲ್ಲಿ ರೀಸ್ಟಾರ್ಟ್ ಆದ ಮೇಲೆ ನಿಲ್ಲುವುದುಂಟು. ಟಿಕ್ ಹಾಗೇ ಕಾಣುತ್ತಿದ್ದರೂ ಒಮ್ಮೆ ತೆಗೆದು ಮತ್ತೆ ಹಾಕಿದರೆ ಸರಿಹೋಗುತ್ತದೆ.

ಅಪರೂಪದ, ಆದರೆ ತಲೆ ಕೆಡಿಸುವ ಒಂದು ಪ್ರಸಂಗವಿದೆ. ಒಂದು ವಿಂಡೋಸ್ ಲ್ಯಾಪ್‌ಟಾಪಿನ ಹಾಟ್‌ಸ್ಪಾಟಿಗೆ ಸೇರಿದ ಇನ್ನೊಂದು ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಮತ್ತೆ ಹಾಟ್‌ಸ್ಪಾಟ್ ಮಾಡಿದರೆ ಎರಡೂ ಕಡೆ 192.168.137 ಜಾಲವೇ ಆಗಿ, ಯಾವ ಪ್ಯಾಕೆಟ್ಟು ಎತ್ತ ಹೋಗಬೇಕೆಂಬುದು ಗೊಂದಲವಾಗುತ್ತದೆ. ವಿಂಡೋಸ್ ತನ್ನ ಒಳಗಿನ ಸೆಟ್ಟಿಂಗುಗಳನ್ನು ಇಟ್ಟುಕೊಳ್ಳುವ ರೆಜಿಸ್ಟ್ರಿಯಲ್ಲಿ ಶೇರ್ಡ್‌ಆಕ್ಸೆಸ್ ಸರ್ವೀಸಿನ ಪ್ಯಾರಾಮೀಟರ್ಸ್ ಒಳಗಿರುವ ‘ಸ್ಕೋಪ್‌ಅಡ್ರೆಸ್’ ಮೌಲ್ಯವನ್ನು ಎರಡನೇ ಲ್ಯಾಪ್‌ಟಾಪಿನಲ್ಲಿ 192.168.150.1ರಂತೆ ಬದಲಿಸಿ ರೀಸ್ಟಾರ್ಟ್ ಮಾಡಿದರೆ ಬಗೆಹರಿಯುತ್ತದೆ.

ಎಲ್ಲ ಸರಿಯಿದ್ದೂ ಕೆಡುವುದುಂಟು. 2022ರ ಜೂನ್ ತಿಂಗಳ ವಿಂಡೋಸ್ ಅಪ್‌ಡೇಟ್ ಹಾಕಿಕೊಂಡವರಲ್ಲಿ, ಹಾಟ್‌ಸ್ಪಾಟಿಗೆ ಸಾಧನವೊಂದು ಸೇರುತ್ತಿದ್ದಂತೆ ಕಂಪ್ಯೂಟರಿನ ನೆಟ್ಟೇ ಹೋಗುವ ದೋಷ ಬಂದಿತ್ತು. ಮೈಕ್ರೋಸಾಫ್ಟ್ ಅದನ್ನು ಒಪ್ಪಿಕೊಂಡು ನಂತರದ ಅಪ್‌ಡೇಟ್‌ನಲ್ಲಿ ಸರಿಪಡಿಸಿತು. ಅಪ್‌ಡೇಟ್ ಆದ ಮರುದಿನವೇ ಹಾಟ್‌ಸ್ಪಾಟ್ ಕೆಟ್ಟರೆ ಸೆಟ್ಟಿಂಗುಗಳನ್ನು ಕೆದಕುವ ಮೊದಲು ಆ ಅಪ್‌ಡೇಟ್‌ನ ಗೊತ್ತಿರುವ ದೋಷಗಳ ಪಟ್ಟಿ ನೋಡುವುದು ಜಾಣತನ. ಕಚೇರಿ ಕೊಟ್ಟ ಲ್ಯಾಪ್‌ಟಾಪಿನಲ್ಲಿ ಸ್ವಿಚ್ಚೇ ಮಸುಕಾಗಿದ್ದರೆ ಅದು ದೋಷವಲ್ಲ. ಸಂಪರ್ಕ ಹಂಚಿಕೆಯನ್ನು ತಡೆಯುವ ಗ್ರೂಪ್ ಪಾಲಿಸಿ (ಕಚೇರಿಯವರು ಹಾಕಿಡುವ ನಿಯಮ) ವಿಂಡೋಸಿನಲ್ಲಿದೆ, ಅದನ್ನು ದಾಟಲು ಹೋಗಬಾರದು.

ತಾನಾಗಿ ಆಫ್ ಆಗುವುದು ಇನ್ನೊಂದು ದೂರು. ಅದರ ಕಾರಣ ಅದೇ ಪುಟದಲ್ಲಿರುವ ಪವರ್ ಸೇವಿಂಗ್. ಯಾವ ಸಾಧನವೂ ಸೇರಿಲ್ಲದಿದ್ದರೆ ಐದು ನಿಮಿಷದಲ್ಲಿ ಹಾಟ್‌ಸ್ಪಾಟ್ ನಿಲ್ಲುತ್ತದೆ. ಫೋನು ಮಲಗಿದಾಗ ವೈಫೈ ಬಿಟ್ಟುಬಿಟ್ಟರೂ ಇದೇ ಕಥೆ. ಆ ಪವರ್ ಸೇವಿಂಗನ್ನು ಆಫ್ ಮಾಡಿ. ಜೊತೆಗೆ ಡಿವೈಸ್ ಮ್ಯಾನೇಜರಿನಲ್ಲಿ ವೈಫೈ ಕಾರ್ಡಿನ ಪವರ್ ಮ್ಯಾನೇಜ್‌ಮೆಂಟ್ ಟ್ಯಾಬ್ ಇದ್ದರೆ, ವಿದ್ಯುತ್ ಉಳಿಸಲು ಕಾರ್ಡನ್ನು ನಿಲ್ಲಿಸಬಹುದು ಎಂಬ ಟಿಕ್ ತೆಗೆಯಿರಿ, ಮುಚ್ಚಳ ಮುಚ್ಚಿದಾಗ ‘ಏನೂ ಮಾಡಬೇಡ’ ಎಂದು ಇಡಿ. ಕಂಪ್ಯೂಟರ್ ಸ್ಲೀಪ್‌ಗೆ ಹೋದರೆ ಹಾಟ್‌ಸ್ಪಾಟೂ ಹೋಗುತ್ತದೆ.

ಏನು ಸಿಗುತ್ತದೆ, ಏನು ಸಿಗುವುದಿಲ್ಲ

ಒಟ್ಟಿಗೆ 8 ಸಾಧನ ಸೇರಬಹುದು, ಒಂಬತ್ತನೆಯದಕ್ಕೆ ಜಾಗವಿಲ್ಲ. ಸೇರಿದವುಗಳ ಹೆಸರು, ಐಪಿ, ಮ್ಯಾಕ್ ವಿಳಾಸ (ಸಾಧನದ ಗುರುತಿನ ಸಂಖ್ಯೆ) ಅದೇ ಪುಟದಲ್ಲಿ ಕಾಣುತ್ತವೆ. ಆದರೆ ಬೇಡವಾದ ಸಾಧನವನ್ನು ಹೊರಹಾಕುವ ಗುಂಡಿ ಇಲ್ಲ, ಪಾಸ್‌ವರ್ಡ್ ಬದಲಿಸುವುದೊಂದೇ ದಾರಿ. ಯಾರು ಎಷ್ಟು ಡೇಟಾ ಬಳಸಿದರು ಎಂಬ ಲೆಕ್ಕ, ಸಾಧನಕ್ಕಿಷ್ಟು ವೇಗ ಎಂಬ ಮಿತಿ, ಚಾನೆಲ್ ಆಯ್ಕೆ, ಹೆಸರು ಮರೆಮಾಡುವ ಅವಕಾಶ, ಇವು ಯಾವುವೂ ಇಲ್ಲ. ಡೇಟಾ ಮಿತಿಯ ಸಂಪರ್ಕವಾದರೆ ಸೇರುವ ಪ್ರತಿ ಫೋನು, ಲ್ಯಾಪ್‌ಟಾಪಿನಲ್ಲೂ ಈ ವೈಫೈಯನ್ನು ‘ಮೀಟರ್ಡ್’ ಎಂದು ಗುರುತಿಸಿಡಿ. ಇಲ್ಲದಿದ್ದರೆ ಅವು ಉಚಿತ ವೈಫೈ ಎಂದುಕೊಂಡು ಅಪ್‌ಡೇಟುಗಳನ್ನು ಎಳೆದುಕೊಳ್ಳುತ್ತವೆ.

ಹಾಟ್‌ಸ್ಪಾಟಿನ ಸಾಧನಗಳು ಬೇರೆ ಜಾಲದಲ್ಲಿರುತ್ತವೆ ಎಂಬುದನ್ನೂ ಮರೆಯಬಾರದು. ರೂಟರಿಗೆ ಸೇರಿದ ಟೀವಿ, ಹಾಟ್‌ಸ್ಪಾಟಿಗೆ ಸೇರಿದ ಫೋನಿನ ಕಾಸ್ಟ್ ಪಟ್ಟಿಯಲ್ಲಿ ಕಾಣುವುದಿಲ್ಲ, ಎರಡನ್ನೂ ಒಂದೇ ಕಡೆ ಸೇರಿಸಬೇಕು. ರೂಟರಿನಲ್ಲಿ ಒಮ್ಮೆ, ಕಂಪ್ಯೂಟರಿನಲ್ಲಿ ಒಮ್ಮೆ, ಹೀಗೆ ಎರಡು ಸಲ ವಿಳಾಸ ಬದಲಾವಣೆ ಆಗುವುದರಿಂದ ಕೆಲವು ಆನ್‌ಲೈನ್ ಆಟಗಳು ಜೊತೆಗಾರರನ್ನು ಹುಡುಕಲು ಒದ್ದಾಡುತ್ತವೆ.

ಇದು ನಿಜಕ್ಕೂ ಮಿಂಚುವ ಜಾಗವೆಂದರೆ ಹೋಟೆಲು, ಹಾಸ್ಟೆಲುಗಳಂಥ ಲಾಗಿನ್ ಪುಟದ ಜಾಲಗಳು. ಲ್ಯಾಪ್‌ಟಾಪಿನಲ್ಲಿ ಒಮ್ಮೆ ಲಾಗಿನ್ ಆದರೆ ಸಾಕು. ಬ್ರೌಸರೇ ಇಲ್ಲದ ಸಾಧನಗಳೂ ಹಾಟ್‌ಸ್ಪಾಟ್ ಮೂಲಕ ನೆಟ್ ಪಡೆಯುತ್ತವೆ. ಆ ಜಾಲದ ನಿಯಮ ಹಂಚಿಕೆಯನ್ನು ಒಪ್ಪುತ್ತದೆಯೇ ಎಂದು ಮಾತ್ರ ಮೊದಲೇ ಕೇಳಿಕೊಳ್ಳಿ.

ಮ್ಯಾಕ್ ಮತ್ತು ಲಿನಕ್ಸ್

ಮ್ಯಾಕ್‌ನಲ್ಲಿ ಸಿಸ್ಟಂ ಸೆಟ್ಟಿಂಗ್ಸ್, ಜನರಲ್, ಶೇರಿಂಗ್, ಇಂಟರ್ನೆಟ್ ಶೇರಿಂಗ್. ಚಾನೆಲ್ ಆರಿಸಲು ಬರುತ್ತದೆ, ಆ ಮಟ್ಟಿಗೆ ವಿಂಡೋಸಿಗಿಂತ ಮೇಲು. ವೈಫೈಯಿಂದ ಬಂದದ್ದನ್ನು ವೈಫೈಯಲ್ಲೇ ಹಂಚಲು ಅದು ಬಿಡುವುದಿಲ್ಲ, ಕೇಬಲ್ಲೋ ಯುಎಸ್‌ಬಿಯೋ ಬೇಕೇ ಬೇಕು. ಅಲ್ಲಿನ ವಿಳಾಸ 192.168.2.1.

ಲಿನಕ್ಸ್‌ನಲ್ಲಿ ಹೆಚ್ಚು ಹಿಡಿತ ಸಿಗುತ್ತದೆ. ನೆಟ್‌ವರ್ಕ್ ಮ್ಯಾನೇಜರ್ ಇದ್ದರೆ ‘ಎನ್‌ಎಂಸಿಎಲ್‌ಐ ಡಿವೈಸ್ ವೈಫೈ ಹಾಟ್‌ಸ್ಪಾಟ್’ ಆದೇಶಕ್ಕೆ ಹೆಸರು, ಪಾಸ್‌ವರ್ಡ್, ಬ್ಯಾಂಡ್ ಸೇರಿಸಿದರೆ ಆಯಿತು. ಬ್ಯಾಂಡಿನಲ್ಲಿ ‘ಎ’ ಎಂದರೆ 5, ‘ಬಿಜಿ’ ಎಂದರೆ 2.4. ವಿಳಾಸ 10.42.0.1. ಡಿಎನ್‌ಎಸ್‌ಮಾಸ್ಕ್ ಎಂಬ, ವಿಳಾಸ ಹಂಚುವ ತಂತ್ರಾಂಶ ಇಲ್ಲದಿದ್ದರೆ ಹಾಟ್‌ಸ್ಪಾಟ್ ಏಳುವುದಿಲ್ಲ, ಮೊದಲು ಅದನ್ನು ಹಾಕಿಕೊಳ್ಳಿ. ಲಿನಕ್ಸಿನ ಡೆಸ್ಕ್‌ಟಾಪ್ ಪರಿಸರವಾದ ಗ್ನೋಮ್‌ನ ಸೆಟ್ಟಿಂಗಿನಿಂದ ಹಾಟ್‌ಸ್ಪಾಟ್ ಆನ್ ಮಾಡಿದರೆ ಈಗಿರುವ ವೈಫೈ ಸಂಪರ್ಕ ಕಡಿಯುತ್ತದೆ. ಇಂಟೆಲ್ ಕಾರ್ಡುಗಳು ಲಿನಕ್ಸ್‌ನಲ್ಲಿ 5 ಗಿಗಾಹರ್ಟ್ಜ್‌ನಲ್ಲಿ ಬಿತ್ತರಿಸಲು ಒಪ್ಪದಿರುವುದು ಸಾಮಾನ್ಯ. ಯಾವ ದೇಶದಲ್ಲಿದ್ದೇನೆ ಎಂಬುದನ್ನು ಕಾರ್ಡಿನೊಳಗೆ ಕೂತಿರುವ ತಂತ್ರಾಂಶವಾದ ಫರ್ಮ್‌ವೇರೇ ನಿರ್ಧರಿಸಿ ಆ ಚಾನೆಲ್ಲುಗಳಿಗೆ ಬೀಗ ಹಾಕಿರುತ್ತದೆ, ಲಿನಕ್ಸ್‌ನಲ್ಲಿ ದೇಶದ ಸಂಕೇತ ಬದಲಿಸಿದರೂ ಅದು ಕದಲುವುದಿಲ್ಲ.

ಎರಡನೇ ಕಾರ್ಡು ಕೊಳ್ಳುವುದಾದರೆ

ವೈಫೈಯಿಂದ ವೈಫೈಗೆ ಹಂಚುವುದು ನಿತ್ಯದ ಅಗತ್ಯವಾದರೆ ಯುಎಸ್‌ಬಿ ವೈಫೈ ಡಾಂಗಲ್ ಒಂದನ್ನು ಸೇರಿಸಿ, ನೆಟ್ ಒಳಬರುವುದಕ್ಕೊಂದು, ಹೊರಹೋಗುವುದಕ್ಕೊಂದು ರೇಡಿಯೋ ಮಾಡಿಕೊಳ್ಳಬಹುದು. ಕೊಳ್ಳುವಾಗ ಎರಡೂ ಬ್ಯಾಂಡ್ ಇದೆಯೇ ನೋಡಿ. ಉಗುರಿನಷ್ಟು ಚಿಕ್ಕ ಡಾಂಗಲ್ಲುಗಳ ಆಂಟೆನಾ ತೀರಾ ಸಣ್ಣದು, ಗೋಡೆ ದಾಟಿ ಕೆಲಸ ಮಾಡುವುದಿಲ್ಲ. ಹೊರಗೆ ಆಂಟೆನಾ ಇರುವುದೇ ಲೇಸು. ಯಾವ ಕಾರ್ಡು ಬಿತ್ತರಿಸಬೇಕು ಎಂದು ಆರಿಸಲು ಮೊಬೈಲ್ ಹಾಟ್‌ಸ್ಪಾಟ್ ಪುಟದಲ್ಲಿ ಜಾಗವಿಲ್ಲ. ತಪ್ಪು ಕಾರ್ಡು ಬಿತ್ತರಿಸತೊಡಗಿದರೆ ಡಿವೈಸ್ ಮ್ಯಾನೇಜರಿನಲ್ಲಿ ಅಡಗಿದ ಸಾಧನಗಳನ್ನು ತೋರಿಸುವಂತೆ ಮಾಡಿ, ಆ ಕಾರ್ಡಿಗೆ ಸೇರಿದ ‘ವೈಫೈ ಡೈರೆಕ್ಟ್ ವರ್ಚುವಲ್ ಅಡಾಪ್ಟರ್’ ಅನ್ನು ಡಿಸೇಬಲ್ ಮಾಡಿ.

ಡಾಂಗಲ್ಲನ್ನು ಯುಎಸ್‌ಬಿ 3 ಹಾರ್ಡ್ ಡಿಸ್ಕಿನ ಪಕ್ಕದ ಪೋರ್ಟಿಗೆ ಚುಚ್ಚಬೇಡಿ. ಯುಎಸ್‌ಬಿ 3ರ ಸಂಕೇತ 2.4 ಗಿಗಾಹರ್ಟ್ಜ್ ಪಟ್ಟಿಯಲ್ಲಿ ಗದ್ದಲ ಎಬ್ಬಿಸುತ್ತದೆ ಎಂಬುದನ್ನು ಇಂಟೆಲ್ 2012ರಲ್ಲೇ ಅಳೆದು ಪ್ರಕಟಿಸಿದೆ. ಮೀಟರ್ ಉದ್ದದ ಎಕ್ಸ್‌ಟೆನ್ಷನ್ ಕೇಬಲ್ಲಿನಿಂದ ಡಾಂಗಲ್ಲನ್ನು ಪೆಟ್ಟಿಗೆಯಿಂದ ದೂರ, ಮೇಜಿನ ಮೇಲೆ ಎತ್ತರದಲ್ಲಿಟ್ಟರೆ ಗದ್ದಲವೂ ತಗ್ಗುತ್ತದೆ, ಸಿಗ್ನಲ್ಲೂ ದೂರ ಹೋಗುತ್ತದೆ. ಡೆಸ್ಕ್‌ಟಾಪಿನವರು ಹೊಸದೇನನ್ನೂ ಕೊಳ್ಳುವ ಮುನ್ನ ಪೆಟ್ಟಿಗೆಯ ಹಿಂಬದಿ ನೋಡಲಿ. ಮದರ್‌ಬೋರ್ಡಿನ ಜೊತೆ ಬಂದ ಎರಡು ಆಂಟೆನಾಗಳನ್ನು ತಿರುಪಿ ಕೂರಿಸದೆ ಬಿಟ್ಟಿದ್ದರೆ ಹಾಟ್‌ಸ್ಪಾಟ್ ಒಂದು ಗಜದಾಚೆಗೇ ಬಲಹೀನವಾಗುತ್ತದೆ, ಅವನ್ನು ಕೂರಿಸಿದರೆ ಡಾಂಗಲ್ಲೇ ಬೇಕಾಗದಿರಬಹುದು.